ಒಂದೇ ಮನೆಯ ಎರಡು ಹೆಬ್ಬೆಟ್ಟು

ಅಥವಾ ಅದನ್ನು ಹೇಳಿದ್ದು ನನ್ನ ಹೆಂಡತಿ ಅಲ್ಲದೆಯೂ ಇರಬಹುದು. ನನ್ನ ನೆನಪೂ ನನ್ನಂತೆ ನಿವೃತ್ತ ಗುಮಾಸ್ತ. ಹಳೆಯ ಕಾಗದ ಕೇಳಿದರೆ ಹುಡುಕುವ ಬೇಸರಕ್ಕೆ ಹೊಸದೊಂದು ಬರೆದುಕೊಡುತ್ತದೆ. ಹೆಂಡತಿಯೋ ಇನ್ಯಾರೋ ಹೇಳಿದರು, ಪಿಂಚಣಿ ಬರುವ ಮನೆಗೆ ನಿರುದ್ಯೋಗ ಭತ್ಯೆ ಕೊಡುವುದಿಲ್ಲವೆಂದು. ರೋಣದ ಕಚೇರಿಯಲ್ಲಿ ವಿಚಾರಿಸಿದೆ, ಕೊಡುತ್ತಾರೆ ಎಂದರು. ನರಗುಂದದ ಬೀಗರು ಖಂಡಿತ ಕೊಡುವುದಿಲ್ಲ ಎಂದರು. ನಮ್ಮ ಮನೆಯಲ್ಲಿ ಬೀಗರ ಮಾತಿಗೇ ತೂಕ.

ಪಿಂಚಣಿಗಾಗಿ ನಾನು ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸಬೇಕು. ಬಿ.ಕಾಂ. ಮುಗಿಸಿದ ಮಗಳು ಗಿರಿಜಾ ತನಗಿನ್ನೂ ಕೆಲಸ ಸಿಕ್ಕಿಲ್ಲವೆಂದು ಆಗಾಗ ತೋರಿಸಬೇಕು. ನೌಕರಿಯ ಪರೀಕ್ಷೆಗಳಿಗೆ ಅವಳು ಅರ್ಜಿ ತುಂಬುವುದು ಆ ಭತ್ಯೆಯಿಂದಲೇ, ನನ್ನೆದುರು ಕೈಚಾಚುವವಳಲ್ಲ. ಇಬ್ಬರದೂ ಗಜೇಂದ್ರಗಡದ ಒಂದೇ ಕಂಪ್ಯೂಟರ್ ಅಂಗಡಿಯಲ್ಲಿ, ಒಂದೇ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತುವ ಕೆಲಸ. ಗುರುತಿಲ್ಲದವರ ಹಾಗೆ ಇರ್ರಿ ಎಂದು ತಾಕೀತು ಮಾಡಿ ಹೆಂಡತಿ ನಮ್ಮನ್ನು ಸೂಡಿಯಿಂದ ಬಸ್ಸು ಹತ್ತಿಸಿದಳು. ಸಾಲಿನಲ್ಲಿ ನಡುವೆ ರಾಜೂರಿನ ಮೂವರನ್ನು ಬಿಟ್ಟು ನಿಂತೆವು. ಗಿರಿಜಾ ಒಮ್ಮೆ, "ಸರ, ಟೈಮ್ ಎಷ್ಟಾತ್ರಿ?" ಎಂದು ನನ್ನನ್ನೇ ಕೇಳಿದಳು. ಇಷ್ಟು ಗೌರವದಿಂದ ಅವಳು ನನ್ನನ್ನು ಎಂದೂ ಮಾತಾಡಿಸಿರಲಿಲ್ಲ.

ನನ್ನ ಹೆಬ್ಬೆಟ್ಟನ್ನು ಯಂತ್ರ ಮೂರು ಸಲವೂ ಒಪ್ಪಲಿಲ್ಲ. ನಿವೃತ್ತಿಯ ನಂತರ ಅಪ್ಪನ ಮಗ್ಗಕ್ಕೆ ಕುಳಿತಿದ್ದೇನೆ. ಸೀರೆಯ ಎಳೆ ಹೊಸೆದು ಹೊಸೆದು ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಅಂಗಡಿಯ ಮಹಾಂತೇಶ ಮೊಬೈಲನ್ನು ಮುಖಕ್ಕೆ ಹಿಡಿದು ಕಣ್ಣು ಮಿಟುಕಿಸಲು ಹೇಳಿದ. ಮಿಟುಕಿಸಿ ಇನ್ನೊಂದು ವರ್ಷಕ್ಕೆ ಬದುಕಿಕೊಂಡೆ.

ಗಿರಿಜಾಳ ಸರದಿ ಬಂತು. ಅವಳ ಹೆಬ್ಬೆಟ್ಟನ್ನೂ ಯಂತ್ರ ಒಪ್ಪಲಿಲ್ಲ. ಮಹಾಂತೇಶ ಅವಳ ಬೆರಳು ತಿರುಗಿಸಿ ನೋಡಿ, ಬಾಗಿಲಲ್ಲಿದ್ದ ನನ್ನನ್ನು ನೋಡಿದ.

"ಕಾಕಾರ, ಇಬ್ಬರದೂ ಒಂದ ಮಗ್ಗದಾಗ ಸವದಾವಲ್ರಿ."

ನಾನು ರಸ್ತೆಯ ಕಡೆ ನೋಡಿದೆ.

"ಅದಿರ್ಲಿ. ತಂಗಿ, ಬೆರಳು ಸವೆಯೂವಷ್ಟು ದುಡೀತಿ. ಕೆಲಸ ಇಲ್ಲಂತ ಹ್ಯಾಂಗ ತುಂಬಲಿ?"

ಅವಳು ಬಾಯಿ ತೆರೆಯುವ ಮೊದಲೇ ಗಾಬರಿಯಲ್ಲಿ ನಾನು ಹೇಳಿಬಿಟ್ಟೆ: "ಮಗ್ಗ ಒಂದು ಕೆಲಸೇನೋ ತಮ್ಮಾ? ಹೊತ್ತು ಹೋಗಲಿ ಅಂತ ಕುಂದರ್ತಾಳ ಅಷ್ಟ."

ಅಪ್ಪ ಆಯುಷ್ಯವೆಲ್ಲ ಆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ನನ್ನನ್ನು ಓದಿಸಿದ್ದ. ಗಿರಿಜಾ ನನ್ನತ್ತ ನೋಡಿದಳು. ಈ ಸಲ ನಟನೆ ಇರಲಿಲ್ಲ.

ಮಹಾಂತೇಶ ಅವಳ ಮುಖವನ್ನೂ ಮೊಬೈಲಿಗೆ ತೋರಿಸಿ, ಕೆಲಸವಿಲ್ಲ ಎಂದು ತುಂಬಿಕೊಟ್ಟ. ಭತ್ಯೆಗೂ ಪಿಂಚಣಿಗೂ ಇರುವ ಸಂಬಂಧ ನನಗಿನ್ನೂ ತಿಳಿದಿಲ್ಲ. ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಮುಂದೆ ಹೋಗಿ ಕುಳಿತಳು. ತಾಯಿಯ ತಾಕೀತು ಪಾಲಿಸಿದಳೋ, ನನ್ನ ಮಾತಿಗೆ ನೊಂದಳೋ, ಗೊತ್ತಿಲ್ಲ. ಕೇಳಿಲ್ಲ.