ಗಾಜಿನ ಹೊಲಕ್ಕೆ ಚರಗ

ಬೇಸಾಯದಲ್ಲಿ ನನ್ನನ್ನು ಮೀರಿಸುವವರು ಯಲಬುರ್ಗಾ ತಾಲೂಕಿನಲ್ಲೇ ಇಲ್ಲ! ಎರಡನೇ ಇಯತ್ತೆಗೇ ಸಾಲೆ ಬಿಟ್ಟವಳು ನಾನು. ಆದರೆ ಮಣ್ಣನ್ನು ಒಮ್ಮೆ ಮುಷ್ಟಿಯಲ್ಲಿ ಹಿಡಿದರೆ ಸಾಕು, ಜೋಳ ಬಿತ್ತಬೇಕೋ ಕಡಲೆ ಬಿತ್ತಬೇಕೋ ಹೇಳಿಬಿಡುತ್ತೇನೆ. ಹೀಗಾಗಿ ಸೊಸೆ ಅನುಸೂಯಾ ನಾಲ್ಕು ದಿನದ ತರಬೇತಿಗೆಂದು ಕೊಪ್ಪಳಕ್ಕೆ ಹೊರಟಾಗ, "ಅತ್ತಿ, ನನ್ನ ಹೊಲ ನೋಡ್ಕೊಂತೀರೇನ್ರಿ?" ಎಂದು ಕೇಳಿದ್ದೇ ತಡ, ಎದೆ ತಟ್ಟಿಕೊಂಡೆ.

"ಹೋಗಿ ಬಾರವಾ. ನೀ ಬರೂದ್ರಾಗ ಇನ್ನೂ ಹಸರ ಮಾಡಿ ಕೊಡ್ತೀನಿ!"

ಆ ಹೊಲ ಇದ್ದದ್ದು ಟ್ಯಾಬಿನೊಳಗೆ.

ಅನುಸೂಯಾ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಾಳೆ. ದಿನವಿಡೀ ಸಾಲಿನಲ್ಲಿ ನಿಂತವರ ಬೈಗುಳ ಕೇಳಿ ಬಂದು, ಚಹಾ ಕುಡಿಯುತ್ತಾ ಅರ್ಧ ತಾಸು ಈ ಹೊಲದ ಆಟ ಆಡಿದರೆ ಮುಖದ ಗಂಟು ಬಿಚ್ಚುತ್ತದೆ. ಬಿಚ್ಚದೆ ಏನು ಮಾಡೀತು! ಅಲ್ಲಿ ಮಳೆ ಹೇಳಿ ಬರುತ್ತದೆ. ಬೆಳೆಗೆ ಹುಳ ಬೀಳುವುದಿಲ್ಲ. ಬದುವಿನ ಸಲುವಾಗಿ ಕೋರ್ಟಿಗೆ ಹೋಗುವ ದಾಯಾದಿಗಳಿಲ್ಲ. ಎದುರು ಸಿಕ್ಕ ಕರಡಿ ಕೂಡ ಟೋಪಿ ತೆಗೆದು ನಮಸ್ಕಾರ ಮಾಡುತ್ತದೆ!

ಹೊಲದ ನಡುವೆ ದೀಪದಂತೆ ಹೊಳೆಯುವ ಒಂದು ನೀಲಿ ಕುಂಬಳಕಾಯಿ. ಅದನ್ನು ತೋರಿಸಿ ಅನುಸೂಯಾ ಹೇಳಿದಳು: "ದಿನಾ ಒಂದ್ಸಲ ನೀರ ಹಾಕ್ರಿ. ಆಮ್ಯಾಲ ಆಟದಾಗಿನ ಈ ಹುಡುಗೀನ್ನ ಹಾಸಿಗಿ ಮ್ಯಾಲ ಮಲಗಸ್ರಿ. ಆಕಿ ಮಲಗಿ ಎದ್ರ ಅಲ್ಲಿ ಮರುದಿನ. ನಾ ಬಂದ ಮರುದಿನಾನ ಅಲ್ಲಿ ಸುಗ್ಗಿ ಸ್ಪರ್ಧಾ ಐತ್ರಿ. ಈ ಕಾಯಿ ಗೆದ್ರ ಗುಡ್ಡದ ಮ್ಯಾಲಿನ ಬತ್ತಿದ ಬಾವ್ಯಾಗ ನೀರು ಉಕ್ಕತೈತಿ. ಮೂರು ತಿಂಗಳಿಂದ ಕಾಯ್ಕೊಂತ ಕುಂತೀನ್ರಿ ಅತ್ತಿ."

ಮೂರು ದಿನ ನನ್ನ ಒಕ್ಕಲುತನ ಸಾಂಗವಾಗಿ ನಡೆಯಿತು. ನಮ್ಮ ಯಜಮಾನರು ಗಾಳೆಪ್ಪನವರು ಮಾತ್ರ ಹೊರಸಿನ ಮೇಲಿಂದ ಕುಟುಕುತ್ತಲೇ ಇದ್ದರು.

"ಏನ ಇಕಿ, ಕೈಗೆ ಮಣ್ಣ ಹತ್ತಲಾರದ ಬೇಸಾಯ!"

"ಹತ್ತಿದಾಗ ನೀವೇನ್ ತೊಳದು ಕೊಡ್ತಿದ್ರೇನು? ಸುಮ್ನ ಮಲಕ್ಕೋರಿ!"

ನಾಲ್ಕನೆಯ ದಿನ ಎಳ್ಳಮಾವಾಸ್ಯೆ. ಅವತ್ತು ಮನೆಯಲ್ಲಿ ಮಾಡಿದ ಅಡುಗೆಯನ್ನೆಲ್ಲ ಹೊಲದ ತುಂಬ ಎರಚಿ ಭೂಮಿತಾಯಿಗೆ ಉಣಿಸಬೇಕು. ಅದೇ ಚರಗ. ನಮ್ಮ ತಳಕಲ್ ಹೊಲಕ್ಕೆ ಮೈದುನನ ಮಕ್ಕಳು ಹೊರಟರು. ನನ್ನ ಮೊಣಕಾಲು ನೋಡಿ ಟ್ರ್ಯಾಕ್ಟರ್ ಹತ್ತಿಸಲಿಲ್ಲ. ಮುಖ ಊದಿಸಿಕೊಂಡು ಕೂತವಳಿಗೆ ತಟ್ಟನೆ ಹೊಳೆಯಿತು. ನನ್ನ ಸುಪರ್ದಿನಲ್ಲೇ ಒಂದು ಹೊಲ ಇದೆಯಲ್ಲ! ಅದು ಹಬ್ಬದ ದಿನ ಹಸಿದುಕೊಂಡಿರಬೇಕೇ?

ಟ್ಯಾಬಿನ ಹುಡುಗಿಯ ಚೀಲ ತೆರೆದೆ. ನಲವತ್ತು ಬಗೆಯ ಅಡುಗೆ! ಒಂದೊಂದನ್ನೇ ಬೆರಳಿನಿಂದ ಎಳೆದು ಹೊಲಕ್ಕೆ ಚೆಲ್ಲುತ್ತಾ, "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿದೆ. ಆ ಕೂಗು ಕೇಳಿದ್ದೇ ಯಜಮಾನರು ಹೊರಸಿನಿಂದ ಎದ್ದು ಬಂದರು.

"ಏ, ಮೂಡಣ ಮೂಲಿಗೆ ಬಿದ್ದಿಲ್ಲ ನೋಡು! ಅಲ್ಲೆರಡು ಹೋಳಿಗಿ ಒಗಿ!"

"ಅದು ಹೋಳಿಗಿ ಅಲ್ರಿ, ಕೇಕು."

"ಏನರ ಇರಲಿ, ಒಗಿ!"

ಒಗೆದೆ. ಕಾಡಿನಿಂದ ಮೊದಲು ಒಂದು ಮೊಲ ಬಂತು. ಆಮೇಲೆ ಅದರ ಬೀಗರು, ಬೀಗರ ಬೀಗರು. ಕೊನೆಗೆ ಟೋಪಿ ಕರಡಿ, ಸಕುಟುಂಬ! ಚರಗವೆಲ್ಲ ಖಾಲಿಯಾಯಿತು. ಆ ಸಭ್ಯ ಕರಡಿ ಅತ್ತಿತ್ತ ನೋಡಿ, ನೀಲಿ ಕುಂಬಳಕಾಯಿಯನ್ನು ಇಡಿಯಾಗಿ ಎತ್ತಿ ನುಂಗಿ, ಟೋಪಿ ತೆಗೆದು ನಮಸ್ಕಾರ ಮಾಡಿತು!

"ಹೊಡಿ! ಓಡಸು!" ಎಂದು ಯಜಮಾನರು ತಾಟು ಬಡಿಯತೊಡಗಿದರು. ಸದ್ದಿಗೆ ಪಕ್ಕದ ಮನೆಯ ಜೈನಾಬೀ ಕಸಬರಿಗೆ ಹಿಡಿದು ಓಡಿಬಂದಳು.

"ಏನಾತ್ರಿ ಅಕ್ಕಾ? ಮಂಗ್ಯಾ ಹೊಕ್ಕಾವೇನ್ರಿ?"

"ಕರಡಿ, ಜೈನಾಬೀ, ಕರಡಿ!"

"ಯಾ ಅಲ್ಲಾ! ಎಲ್ಲ್ಯಾದ್ರಿ?"

"ಇದರಾಗ."

ಜೈನಾಬೀ ಟ್ಯಾಬ್ ನೋಡಿದಳು, ನನ್ನನ್ನು ನೋಡಿದಳು, ತಾಟು ಹಿಡಿದ ಯಜಮಾನರನ್ನು ನೋಡಿದಳು. "ಇಬ್ರೂ ಒಂದೀಟು ನಿಂಬಿ ಶರಬತ್ ಕುಡೀರಿ" ಎಂದು ಹೊರಟುಹೋದಳು.

ಆದರೆ ನಾನು ಸೋಲುವವಳೇ? ಚೀಲದ ತಳದಲ್ಲಿ ಒಂದು ನೀಲಿ ಬೀಜ ಉಳಿದಿತ್ತು. ಸಂಜೆ ಐದೂವರೆ ಬಸ್ಸಿಗೆ ಸೊಸೆ ಬರುವಷ್ಟರಲ್ಲಿ ಕಾಯಿ ಬಿಡಿಸಿಯೇ ಸಿದ್ಧ! ಹುಡುಗಿ ಮಲಗಿದರೆ ಅಲ್ಲಿ ದಿನ ಓಡುತ್ತದಲ್ಲ? ನೀರು ಹಾಕಿಸಿದೆ, ಮಲಗಿಸಿದೆ. ಎಬ್ಬಿಸಿದೆ, ನೀರು ಹಾಕಿಸಿದೆ, ಮಲಗಿಸಿದೆ. ಬೆರಳು ಮರಗಟ್ಟಿತು. ಬಿಡಲಿಲ್ಲ!

"ಆ ಹುಡುಗಿ ಊಟಾ ಮಾಡೇತೇನ?" ಎಂದು ಯಜಮಾನರು ಮರುಗಿದರು.

"ಸುಗ್ಗ್ಯಾಗ ಊಟಾ ಯಾರ ಕೇಳ್ತಾರ್ರಿ!"

ನಡುವೆ ಬಣ್ಣದ ಪತಾಕೆ, ತುತ್ತೂರಿ ಇದ್ದ ಒಂದು ಚೀಟಿ ಎದ್ದು ಬಂತು. ಇಂಗ್ಲಿಷ್ ಅಕ್ಷರ. ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಇಂಥ ಹೊತ್ತಿನಲ್ಲಿ ಯಾರದೋ ಮೆರವಣಿಗೆಯೇ? ಕೆಂಪು ಒತ್ತಿ ಅಟ್ಟಿದೆ.

ಐದಕ್ಕೆ ಸರಿಯಾಗಿ ನೀಲಿ ಕಾಯಿ ಹೊಳೆಯಿತು! ಅನುಸೂಯಾ ಬಂದು ಬ್ಯಾಗ್ ಇಳಿಸುವ ಮೊದಲೇ ಟ್ಯಾಬ್ ಕೈಗಿಟ್ಟೆ.

"ಕಾಯಿ ಛಲೋ ಐತ್ರಿ ಅತ್ತಿ," ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಹೊಲದ ತುಂಬ ಯಾಕ ಹಿಮಾ ಬಿದ್ದೈತಿ? ಅದು ಸುಗ್ಗಿ ಮುಗದ ಮ್ಯಾಲ ಬೀಳೂದು."

"ಅದು ಹಿಮಾ ಏನವಾ? ನಾ ಹತ್ತಿ ಒಡದೈತಿ ಅಂದ್ಕೊಂಡಿದ್ದೆ."

"ಅತ್ತಿ... ಪತಾಕಿ ಇದ್ದದ್ದೊಂದು ಚೀಟಿ ಬಂದಿತ್ತೇನ್ರಿ?"

ಅವಳ ಮುಖ ನೋಡಿದ ಮೇಲೆ ನನಗೆ ಎಲ್ಲ ತಿಳಿಯಿತು. ಮೂರು ತಿಂಗಳ ಸ್ಪರ್ಧೆಯನ್ನು ಒಂದು ಕೆಂಪು ಗುಂಡಿಯಿಂದ ಅಟ್ಟಿದ್ದೆ! ಚರಗ, ಮೊಲ, ಕರಡಿ, ಒಂದೂ ಮುಚ್ಚಿಡದೆ ಒಪ್ಪಿಕೊಂಡೆ. ಅವಳು ತಲೆ ತಗ್ಗಿಸಿ ಕೇಳುತ್ತಿದ್ದಳು. ಭುಜ ಅಲುಗತೊಡಗಿತು. ಅಯ್ಯೋ, ಅಳಿಸಿಬಿಟ್ಟೆನೇ ಎಂದು ಗದ್ದ ಎತ್ತಿ ನೋಡಿದರೆ ನಗು!

"ಟ್ಯಾಬಿಗೆ ಚರಗಾ ಚೆಲ್ಲೀರಿ?" ಎಂದು ನೆಲಕ್ಕೇ ಕೂತುಬಿಟ್ಟಳು.

"ಮತ್ತ ಸ್ಪರ್ಧಾ ಯಾವಾಗವಾ?"

"ಅಲ್ಲೀ ಲೆಕ್ಕದಾಗ ಬರೂ ವರ್ಷರಿ. ನೂರು ದಿನ ಆಗಬೇಕು."

"ನೂರಽ? ಹಂಗಾರ ನಾಳಿಗೇ ಮಲಗಿಸಿ ಮುಗಸ್ತೀನಿ!"

ಅನುಸೂಯಾ ಟ್ಯಾಬನ್ನು ಎದೆಗವಚಿಕೊಂಡಳು. "ಬ್ಯಾಡ್ರಿ ಅತ್ತಿ, ಕೈ ಮುಗೀತೀನಿ! ಆ ಹುಡುಗಿ ಒಂದೀಟು ಎಚ್ಚರಿರ್ಲಿ!"

ಮರುದಿನ ಆಸ್ಪತ್ರೆಯಿಂದ ಬಂದವಳೇ ಅವಳು ಹೊಲದ ಸುತ್ತ ಗಟ್ಟಿ ಬೇಲಿ ಹಾಕಿದಳು. ಬೇಲಿಯ ಹೊರಗೆ, ಹಾದಿ ಬದಿಗೆ, ಅಂಗೈಯಗಲದ ಜಾಗ ಅಗೆದು ಒಂದು ಸಸಿ ನೆಟ್ಟು ನನಗೆ ತೋರಿಸಿದಳು.

"ಇದು ನಿಮ್ಮದ್ರಿ. ಇದಕ್ಕ ನೀರು ಹಾಕ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

ಯಜಮಾನರು ಹೊರಸಿನಿಂದಲೇ ಕೂಗಿದರು: "ಏನ್ ಗೌಡಸಾನಿ, ಎಷ್ಟು ಎಕರೆ ಕೊಟ್ಟಾಳ?"

"ಒಂದ್ ಬದನಿಗಿಡ," ಎಂದೆ. "ಅದು ಬದುಕಿದ್ರ ಇನ್ನೊಂದು ಕೊಡ್ತಾಳಂತ."