ನಾಲ್ಕು ಗಂಟೆಯ ಪಂದ್ಯ

ಶುಕ್ರವಾರ ಸಂಜೆ ಶಾಲೆಯ ಹುಡುಗರ ಫುಟ್‌ಬಾಲ್, ಶನಿವಾರ ವಿಶ್ವವಿದ್ಯಾಲಯದ್ದು, ಭಾನುವಾರ ಚರ್ಚು. ಈ ಕ್ರಮವನ್ನು ದೇವರೇ ಹಾಕಿಕೊಟ್ಟದ್ದೆಂದು ಅಮೆರಿಕದ ನೆಬ್ರಾಸ್ಕಾದ ಹ್ಯಾಸ್ಲರ್ ಊರಿನವರು ನಂಬಿದ್ದರು. ಟೀವಿಯವರು ನಂಬಿರಲಿಲ್ಲ. ವಿಶ್ವವಿದ್ಯಾಲಯದ ಪಂದ್ಯವನ್ನು ಎತ್ತಿ ಶುಕ್ರವಾರ ಸಂಜೆ ಏಳಕ್ಕೆ ಇಟ್ಟುಬಿಟ್ಟರು.

ಆಟದ ಮೇಷ್ಟ್ರು ವರ್ಲಿನ್ ಹಾಸ್ಕೆಟ್ ಪಂದ್ಯದ ಪಟ್ಟಿ ತೆಗೆದು ನೋಡಿದರು. ಅವರ ಹುಡುಗರ ಪಂದ್ಯವೂ ಅವತ್ತೇ, ಏಳಕ್ಕೇ. ಓದು ಮುಗಿಸುತ್ತಿದ್ದ ಒಂಬತ್ತು ಹುಡುಗರಿಗೆ ಊರ ಮೈದಾನದಲ್ಲಿ ಅದೇ ಕೊನೆಯದು. ಹೋದ ವರ್ಷ ಹೀಗಾದಾಗ ಗ್ಯಾಲರಿಯಲ್ಲಿ ಇದ್ದದ್ದು ಹದಿನೇಳು ಜನ, ಒಂದು ನಾಯಿ. ಅರ್ಧ ಆಟಕ್ಕೆ ನಾಯಿಯೂ ಎದ್ದು ಹೋಗಿತ್ತು. ಈ ಸಲ ಗ್ಯಾಲರಿ ತುಂಬಿಸಿಯೇ ತೀರುತ್ತೇನೆಂದು ಮೇಷ್ಟ್ರು ಹುಡುಗರಿಗೆ ಮಾತು ಕೊಟ್ಟು, ಪಂದ್ಯವನ್ನು ನಾಲ್ಕು ಗಂಟೆಗೆ ಎಳೆದರು.

ಶುಕ್ರವಾರ ಬೆಳಿಗ್ಗೆ ರೆಫರಿ ಕ್ಲೆಟಸ್‌ನ ಫೋನು ಬಂತು. ಅವನ ಹೊಟ್ಟೆಪಾಡು ಹೆಣಗಳನ್ನು ಮಣ್ಣು ಮಾಡಿಸುವುದು.

"ಮೂರಕ್ಕೆ ಹಾರ್ಲನ್ ಮುದುಕನ ಮಣ್ಣು ಇದೆ ಮೇಷ್ಟ್ರೇ. ನಾಲ್ಕಕ್ಕೆ ಬರಕ್ಕಾಗಲ್ಲ."

"ಸ್ವಲ್ಪ ಬೇಗ ಮುಗಿಸಪ್ಪ."

"ಹಾರ್ಲನ್‌ದೇನೂ ತಕರಾರಿಲ್ಲ. ಅವನ ಹೆಂಡ್ತೀನ ನೀವೇ ಕೇಳಿ."

ಸತ್ತವರ ಮನೆಗೆ ಹೋಗಿ ಹೆಣ ಬೇಗ ಎತ್ತಿ ಎನ್ನುವುದು ಹೇಗೆ? ಮೇಷ್ಟ್ರು ಹಾರ್ಲನ್‌ನ ಹೆಂಡತಿ ಆರ್ಡಿಸ್ ಮುದುಕಿಯ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಟೋಪಿಯನ್ನು ಹಿಟ್ಟು ನಾದಿದಂತೆ ನಾದಿದರು. ಚಳಿಗಾಳಿ, ಜೋಳದ ಕೊಯ್ಲು ಎಲ್ಲ ಆದಮೇಲೆ ವಿಷಯ ಉಸುರಿದರು. ಮುದುಕಿ ಕನ್ನಡಕ ಒರೆಸಿಕೊಂಡಳು.

"ನಲವತ್ತು ವರ್ಷ ಒಂದು ಪಂದ್ಯಾನೂ ತಪ್ಪಿಸಿದೋನಲ್ಲ ನಮ್ಮವನು. ತನ್ನಿಂದ ಆಟ ನಿಲ್ತು ಅಂದ್ರೆ ಪೆಟ್ಟಿಗೇಲೇ ಎದ್ದು ಕೂತಾನು. ಒಂದು ಗಂಟೆಗೇ ಮಾಡಿಬಿಡಪ್ಪ."

ಆದರೆ ಒಂದು ಗಂಟೆಗೆ ಪಾದ್ರಿಗಳು ಹಲ್ಲು ಕೀಳಿಸಿಕೊಳ್ಳುವುದಿತ್ತು. ಮೇಷ್ಟ್ರು ಹಲ್ಲಿನ ಡಾಕ್ಟರ ಕಾಲು ಹಿಡಿದು ಆ ಹಲ್ಲನ್ನು ಹತ್ತಕ್ಕೇ ಕೀಳಿಸಿದರು. ಕೆನ್ನೆ ಕುಂಬಳಕಾಯಿಯಾಗಿದ್ದ ಪಾದ್ರಿಗಳ ಉಪದೇಶ ನಾಲ್ಕೇ ಮಾತಿನಲ್ಲಿ ಮುಗಿಯಿತು. ಹಾರ್ಲನ್‌ನಷ್ಟು ಪುಣ್ಯವಂತ ಇಲ್ಲವೆಂದು ಜನ ಪಿಸುಗುಟ್ಟಿದರು.

ಎರಡೂವರೆಗೆ ಚರ್ಚಿನ ಸಭಾಂಗಣದಲ್ಲಿ ಮಣ್ಣು ಮಾಡಿ ಬಂದವರಿಗೆಲ್ಲ ಊಟ, ಊರವರ ಬಾಯಲ್ಲಿ ಮಣ್ಣಿನ ಊಟ. ಹಾರ್ಲನ್‌ಗಾಗಿ ಕೊಯ್ಲು ನಿಲ್ಲಿಸಿ ಬಂದ ಇಡೀ ಊರು ಕಪ್ಪು ಬಟ್ಟೆಯಲ್ಲಿ ಕೂತು ಹಂದಿಮಾಂಸದ ಸ್ಯಾಂಡ್‌ವಿಚ್ ಮೆಲ್ಲುತ್ತಿತ್ತು. ಮೇಷ್ಟ್ರು ತಲೆ ಎಣಿಸಿದರು. ಮುನ್ನೂರರ ಮೇಲಿತ್ತು. ಇಷ್ಟೂ ಜನ ಎದ್ದು ಮೈದಾನಕ್ಕೆ ನಡೆದರೆ ಸಾಕು, ಮಾತು ಉಳಿದಂತೆ.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಪಂದ್ಯಕ್ಕೆ ಹೊರಟಿದ್ದ ಟೀವಿ ವ್ಯಾನಿನವರು ದಾರಿ ಕೇಳಲು ಒಳಗೆ ಬಂದರು. ಹ್ಯಾಸ್ಲರ್‌ನಲ್ಲಿ ಮಣ್ಣಿನ ಊಟಕ್ಕೆ ಬಂದ ಅಪರಿಚಿತನನ್ನೂ ಉಣ್ಣಿಸದೆ ಕಳಿಸುವ ರೂಢಿಯಿಲ್ಲ. ಮೂರು ಸ್ಯಾಂಡ್‌ವಿಚ್ ಇಳಿದಮೇಲೆ ಅವರ ಯಜಮಾನನಿಗೆ ಋಣ ತೀರಿಸುವ ಮನಸ್ಸಾಯಿತು. "ಏಳರವರೆಗೆ ತೋರಿಸೋಕೆ ನಮ್ಮ ಹತ್ರ ಏನೂ ಇಲ್ಲ. ನಿಮ್ಮ ಹುಡುಗರ ಆಟಾನೇ ನೇರವಾಗಿ ತೋರಿಸ್ಲಾ?" ಎಂದ. ಸ್ಟೇಷನ್ನಿಗೆ ಫೋನು ಮಾಡಿ ಒಪ್ಪಿಸಿಯೂ ಬಿಟ್ಟ.

ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಕುರ್ಚಿ ಹತ್ತಿ ಎಲ್ಲರಿಗೂ ಕೂಗಿ ಹೇಳಿದರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಜನ ತಟ್ಟೆ ಬಿಟ್ಟು ಕಾರುಗಳಿಗೆ ಓಡಿದರು. ಮುಂದಿನ ಸಾಲು ಹಿಡಿಯಲು ಎಂಥ ಅವಸರ ಎಂದು ಮೇಷ್ಟ್ರ ಕಣ್ಣು ತುಂಬಿತು.

ನಾಲ್ಕು ಗಂಟೆ. ಕೊರೆಯುವ ಗಾಳಿ. ಒಂಬತ್ತು ಹುಡುಗರ ಹೆತ್ತವರು ರೂಢಿಯಂತೆ ಮಕ್ಕಳ ಜೊತೆ ಮೈದಾನದ ಅಂಚಿನಲ್ಲಿ ನಿಂತಿದ್ದರು. ಗ್ಯಾಲರಿಯಲ್ಲಿ ಆರ್ಡಿಸ್ ಮುದುಕಿ ಒಬ್ಬಳೇ.

"ಜನ ಎಲ್ಲಮ್ಮ?"

"ಮನೇಲಿ, ಟೀವಿ ಮುಂದೆ. ಬೆಚ್ಚಗೆ ಕೂತು ನೋಡೋ ಹಾಗಾಯ್ತು, ಮೇಷ್ಟ್ರು ಪುಣ್ಯಾತ್ಮ ಅಂತಿದ್ರು." ಮುದುಕಿ ಕಪ್ಪು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. "ನಮ್ಮನೇಲಿ ಟೀವಿ ಹಾಕ್ತಿದ್ದೋನು ನಮ್ಮವನೇ. ಆ ಗುಂಡಿಗಳು ನಂಗೆ ಬರಲ್ಲ."

ಟೀವಿಯವನು ಓಡಿ ಬಂದು, ಖಾಲಿ ಗ್ಯಾಲರಿ ಪರದೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ, ಏನಾದರೂ ಮಾಡಿ ಎಂದು ಗೋಗರೆದ. ಮುದುಕಿಯೇ ಎದ್ದಳು. "ನಾನೇ ಜಾಗ ಬದಲಾಯಿಸ್ತಾ ಇರ್ತೀನಿ ಬಿಡು." ಆಟ ಮುಗಿಯುವವರೆಗೂ ಅವಳು ಬೆಂಚಿನಿಂದ ಬೆಂಚಿಗೆ ನಡೆದಳು. ಕ್ಯಾಮೆರಾ ಅವಳ ಹಿಂದೆ ನಡೆಯಿತು.

ಹುಡುಗರು ಗೆದ್ದರು. ಊರಿನ ಮನೆಗಳಿಂದೆದ್ದ ಕೇಕೆ ಗಾಳಿಯಲ್ಲಿ ತೇಲಿ ಮೈದಾನದವರೆಗೂ ಬಂತು.

ಮೇಷ್ಟ್ರು ಬಾವುಟ ಸುತ್ತಿಡುತ್ತಿದ್ದಾಗ ಪಾದ್ರಿಗಳ ಫೋನು.

"ಟೀವೀಲಿ ನೋಡ್ದೆ ಮೇಷ್ಟ್ರೇ. ಎತ್ತ ತೋರಿಸಿದ್ರೂ ಒಬ್ರಾದ್ರೂ ಕೂತೇ ಇದ್ರು. ಅದೂ ಪಾಪ, ಹಾರ್ಲನ್‌ಗೋಸ್ಕರ ಎಲ್ರೂ ಕಪ್ಪು ಬಟ್ಟೇಲೇ. ನಾನೊಬ್ಬ ಬರದಿದ್ರೇನು ಅಂತ ಸಮಾಧಾನ ಆಯ್ತು. ಮುಂದಿನ ವರ್ಷಕ್ಕೂ ಟೀವಿಯವರಿಗೆ ಈಗಲೇ ಹೇಳಿಡಿ."