ತಿರುಗಿಸದ ಹಾಳೆ

ಇಟ್ಟ ವಸ್ತುವನ್ನು ಎಲ್ಲಿಟ್ಟೆನೆಂದು ಮರೆಯುವುದು ನನಗೆ ಹುಟ್ಟಿನಿಂದ ಬಂದ ಗುಣ. ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದ್ದಿದೆ, ಕನ್ನಡಕ ಹಣೆಯ ಮೇಲೆಯೇ ಸಿಕ್ಕಿದ್ದಿದೆ. “ತಲಿ ಕುತ್ತಿಗಿಗೆ ಅಂಟಿಕೊಂಡದ ಅಂತ ಉಳದದ ನೋಡ್ರಿ, ಇಲ್ಲಂದ್ರ ಅದನ್ನೂ ಎಲ್ಲ್ಯೋ ಬಿಟ್ಟು ಬರ್ತಿದ್ರಿ” ಎನ್ನುತ್ತಾಳೆ ಹೆಂಡತಿ. ಇಂಥವನಿಗೆ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಸಿಕ್ಕ ಕೆಲಸ ಮೆಡಿಕಲ್ ಕೋಡಿಂಗ್. ಆಪರೇಷನ್ನಿನ ವಿವರದ ಹಾಳೆ ಓದಿ, ಏನು ತೆಗೆದರು, ಎಡವೋ ಬಲವೋ, ತೆಗೆದದ್ದನ್ನು ಎಲ್ಲಿಟ್ಟರು, ಪ್ರತಿಯೊಂದಕ್ಕೂ ಅಂಕಿಯ ಕೋಡ್ ಹಾಕಬೇಕು. ಮುಂದಿನ ಚಿಕಿತ್ಸೆಗೆ ಸರ್ಕಾರಿ ಯೋಜನೆಯ ಹಣ ಮಂಜೂರಾಗುವುದು ಆ ಕೋಡ್ ನೋಡಿಯೇ. ಮೆದುಳಿನ ಭಾಗಗಳು ನನಗೆ ಬಾಯಿಪಾಠ. ಮದುವೆ ಊಟದಲ್ಲಿ ಪಕ್ಕದವರ ಬೋಳುತಲೆ ನೋಡಿ, ಮಾತಿನ ಜಾಗ ಇಲ್ಲಿ, ನೋಟದ ಜಾಗ ಅಲ್ಲಿ ಎಂದು ಮನಸ್ಸಿನಲ್ಲೇ ಗೆರೆ ಎಳೆಯುತ್ತ ಕೂತಿದ್ದಾಗ, ಬಡಿಸುವವನು ಎರಡು ಸಲ ನನ್ನನ್ನು ದಾಟಿ ಹೋಗಿದ್ದಾನೆ.

ದುರುಗಪ್ಪ ಅರಕೇರಾದವನು, ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಒಟ್ಟಿದ ಚೀಲಗಳ ಮೇಲಿಂದ ಬಿದ್ದ. ಬಾತ ಮೆದುಳಿಗೆ ಜಾಗ ಬೇಕೆಂದು ಬುರುಡೆಯ ಬಲಗಡೆ ಅಂಗೈಯಗಲದ ಎಲುಬು ತೆಗೆದರು. ಅದು ಕೆಡದಿರಲೆಂದು ಅವನ ಹೊಟ್ಟೆಯ ಚರ್ಮದಡಿಯಲ್ಲೇ ಇಟ್ಟು ಹೊಲಿದರು. ಬಾವು ಇಳಿದ ಮೇಲೆ ಅದನ್ನೇ ತೆಗೆದು ತಲೆಗೆ ಕೂರಿಸುತ್ತಾರೆ. ತೆಗೆದದ್ದಕ್ಕೆ ಒಂದು ಕೋಡ್, ಇಟ್ಟದ್ದಕ್ಕೆ ಇನ್ನೊಂದು. ಇಟ್ಟ ಸಂಗತಿ ಹಾಳೆಯ ಹಿಂಬದಿಯಲ್ಲಿತ್ತು. ನಾನು ಹಾಳೆ ತಿರುಗಿಸಲಿಲ್ಲ.

ಮೂರು ತಿಂಗಳ ಮೇಲೆ, ಎಲುಬು ಕೂರಿಸಲು ಕಳಿಸಿದ ಅರ್ಜಿ ಮರಳಿ ಬಂತು: ಎಲುಬು ಇಟ್ಟ ದಾಖಲೆಯಿಲ್ಲ. ಮರುದಿನ ದುರುಗಪ್ಪ ನನ್ನ ಕಿಟಕಿಯ ಮುಂದೆ ನಿಂತಿದ್ದ, ತಲೆಗೆ ಮೋಟರ್ ಸೈಕಲ್ಲಿನ ಹೆಲ್ಮೆಟ್. ಎಲುಬಿಲ್ಲದ ಕಡೆ ಏನಾದರೂ ತಾಕೀತೆಂದು ಅವನ ಹೆಂಡತಿ ಹುಲಿಗೆವ್ವ ಹಾಕಿಸಿದ್ದು.

“ಹೆಲ್ಮೆಟ್ ಅದ, ಗಾಡಿ ಎಲ್ಲದಲೇ ಅಂತ ಬಸ್‌ಸ್ಟ್ಯಾಂಡಿನಾಗ ನಗ್ತಾರ್ರಿ” ಎಂದ. ನಾನೂ ನಕ್ಕೆ. ಆಮೇಲೆ ಹುಲಿಗೆವ್ವನಿಗೆ, “ಎಲುಬು ಇಟ್ಟಿದ್ದಕ್ಕ ದಾಖಲಿ ಇಲ್ಲ ಯವ್ವಾ” ಎಂದೆ.

“ದಾಖಲಿ ಯಾಕ್ರಿ? ಹೊಟ್ಟ್ಯಾಗ ಅದ. ದಿನಾ ಮುಂಜಾನಿ ಮುಟ್ಟಿ ನೋಡ್ತೀನಿ. ನೀವೂ ನೋಡ್ರಿ ಸಾಹೇಬ್ರ.” ಗಂಡನ ಅಂಗಿ ಎತ್ತಿ, ಕಿಟಕಿಯಿಂದ ನನ್ನ ಕೈ ಎಳೆದು ಇಟ್ಟಳು. ಚರ್ಮದ ಕೆಳಗೆ ಗಟ್ಟಿ ಅಂಚೊಂದು ಬೆರಳಿಗೆ ಹತ್ತಿತು.

ತಪ್ಪು ನನ್ನದು ಎನ್ನಬೇಕಿತ್ತು. “ಮ್ಯಾಲಿನವರು ತಿದ್ದತಾರ” ಎಂದೆ.

ತಿದ್ದಿದ ಕಾಗದ ಹೋಗಿ ಬರಲು ಮತ್ತೆರಡು ತಿಂಗಳು. ಹೊಟ್ಟೆಯಲ್ಲಿಟ್ಟ ಎಲುಬು ದಿನ ಹೋದಂತೆ ಕರಗುತ್ತದೆ. ಆಪರೇಷನ್ನಿನ ದಿನ ನಾನೂ ಹುಲಿಗೆವ್ವನ ಜೊತೆ ಬಾಗಿಲ ಹೊರಗೆ ನಿಂತಿದ್ದೆ. ಮುಗಿಸಿ ಬಂದ ಡಾಕ್ಟರು, “ಅಂಚು ಸವೆದಿದೆ, ತಲೆಯಲ್ಲಿ ಎರಡು ಬೆರಳಿನಷ್ಟು ಸಂದು ಉಳಿದಿದೆ. ಇನ್ನು ಚೀಲ ಹೊರುವಂತಿಲ್ಲ” ಎಂದರು. ಹುಲಿಗೆವ್ವ ನನ್ನ ಕಡೆ ತಿರುಗಿದಳು. “ಎಲ್ಲಾ ತೆಗದಾರಿಲ್ರಿ? ಒಂದಿಟ್ಟು ಹೊಟ್ಟ್ಯಾಗ ಉಳದಿರಬೇಕು. ಇನ್ನೊಮ್ಮಿ ನೋಡಂತ ಹೇಳ್ರಿ.”

ಕೋಡಿನ ಪುಸ್ತಕ ತಿರುವಿದೆ. ಎಲುಬು ಕರಗಿದ್ದಕ್ಕೆ ಕೋಡ್ ಇದೆ. ಎರಡು ತಿಂಗಳು ಕಾಯಿಸಿ ಕರಗಿಸಿದ್ದಕ್ಕೆ ಇಲ್ಲ.

ಈಗ ನಾನು ಕಂಡ ಹಾಳೆಯನ್ನೆಲ್ಲ ತಿರುಗಿಸಿ ನೋಡುತ್ತೇನೆ: ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಮಿರ್ಚಿ ಕಟ್ಟಿಕೊಟ್ಟ ಪೇಪರು. “ಈಗೀಗ ಭಾಳ ಹುಷಾರ್ ಆಗೀರಿ ನೋಡ್ರಿ” ಎಂದು ಮೊನ್ನೆ ಹೆಂಡತಿ ಹೊಗಳಿದಳು. ಏಕೆಂದು ಅವಳಿಗೂ ಹೇಳಿಲ್ಲ. ಕನ್ನಡಕ ಹಣೆಯ ಮೇಲಿದೆಯೆಂದು ಗೊತ್ತಿತ್ತು. ಆದರೂ ಅದನ್ನು ಹುಡುಕುವ ನೆಪದಲ್ಲಿ ಎದ್ದು ಒಳಗೆ ಹೋದೆ.